ಗಣಿತ ಪಾಠ: ಸೂತ್ರವೋ, ತಿಳಿವಳಿಕೆಯೋ?

ಸಂಜೆಯ ಹೊತ್ತು ಶಂಕರಪುರಂನ ಬೀದಿಗಳಲ್ಲಿ ನಡೆದುಹೋಗುವವರಿಗೆ, ಪುಸ್ತಕದ ಚೀಲವನ್ನು ಹೊತ್ತು ಮನೆಪಾಠಕ್ಕೆ ಹೊರಟ ಮಕ್ಕಳು ಎದುರಾಗುವುದು ನಿತ್ಯದ ನೋಟ. ಈಚೆಗೆ ಅಲ್ಲಿಯ ಒಂದು ಮನೆಯ ಜಗುಲಿಯಲ್ಲಿ ಏಳನೆಯ ತರಗತಿಯ ಬಾಲಕನೊಬ್ಬನನ್ನು, ಮುಕ್ಕಾಲನ್ನು ಎಂಟರಲ್ಲಿ ಒಂದು ಪಾಲಿನಿಂದ ಭಾಗಿಸಿದರೆ ಎಷ್ಟಾಗುವುದೆಂದು ಕೇಳಿದೆವು. "ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು, ಆರು" ಎಂದು ಥಟ್ಟನೆ ಉತ್ತರವಿತ್ತನು. ಉತ್ತರವು ಸರಿಯೇ. ತಲೆಕೆಳಗು ಮಾಡುವುದೇಕೆಂದು ಕೇಳಲು, "ಹಾಗೆಯೇ ಮಾಡಬೇಕು, ಪರೀಕ್ಷೆಗೆ ಅಷ್ಟೇ ಸಾಕು" ಎಂದನು. ಒಂದಕ್ಕಿಂತ ಕಡಮೆಯಾದುದನ್ನು ಭಾಗಿಸಿದ ಮೇಲೆ ಆರು ಬಂದುದು ಹೇಗೆಂಬ ಸಂದೇಹವೇ ಅವನಲ್ಲಿ ಹುಟ್ಟಿರಲಿಲ್ಲ.

ಇದು ಬಾಲಕನ ದೋಷವಲ್ಲ. ಅವನ ಮನೆಗೆ ಮುಕ್ಕಾಲು ಕಿಲೋಗ್ರಾಂ ಕಾಫಿಪುಡಿ ಬಂದಿದೆಯೆಂದು ತಿಳಿಯೋಣ. ಅದನ್ನು 125 ಗ್ರಾಂ ಹಿಡಿಯುವ ಪೊಟ್ಟಣಗಳಲ್ಲಿ, ಎಂದರೆ ಕಿಲೋವಿನ ಎಂಟರಲ್ಲಿ ಒಂದು ಪಾಲಿನಂತೆ ಕಟ್ಟಬೇಕು. ಒಂದು ಪೂರ್ತಿ ಕಿಲೋವಿಗೆ ಎಂಟು ಪೊಟ್ಟಣಗಳಾಗುವುವು. ಮುಕ್ಕಾಲು ಕಿಲೋವಿಗೆ ಎಂಟರ ಮುಕ್ಕಾಲು, ಎಂದರೆ ಆರು. ತಲೆಕೆಳಗು ಮಾಡಿ ಎಂಟರಿಂದ ಗುಣಿಸುವುದರ ಗುಟ್ಟು ಇಷ್ಟೇ. ಇದನ್ನು ಒಮ್ಮೆ ಕಂಡುಕೊಂಡ ಮಗು ಸೂತ್ರವನ್ನು ಮರೆತರೂ ಅದನ್ನು ತಾನೇ ಮತ್ತೆ ಕಟ್ಟಿಕೊಳ್ಳಬಲ್ಲುದು. ಕಾಣದ ಮಗುವಿಗೆ ಸೂತ್ರವು ಸಾಲವಾಗಿ ತಂದ ಹಣದಂತೆ. ಪರೀಕ್ಷೆಯ ದಿನ ಕಳೆದೊಡನೆ ಅದು ಕೈಬಿಟ್ಟುಹೋಗುವುದು.

ಈ ಸ್ಥಿತಿ ಒಂದು ಬಡಾವಣೆಯದಲ್ಲ. 2024ರ 'ಅಸರ್' ಸಮೀಕ್ಷೆಯ ಪ್ರಕಾರ, ಭಾರತದ ಗ್ರಾಮಾಂತರ ಪ್ರದೇಶಗಳಲ್ಲಿ ಎಂಟನೆಯ ತರಗತಿಯಲ್ಲಿರುವ ಮಕ್ಕಳ ಪೈಕಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸಬಲ್ಲವರು ಶೇಕಡ 45.8 ಮಂದಿ ಮಾತ್ರ. ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಾರಾರ್ಹವಾದುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕಲ್ಕತ್ತೆ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಪಾರದ ಜಟಿಲ ಲೆಕ್ಕಗಳನ್ನು ಬಾಯಲ್ಲೇ ಬಿಡಿಸಿದ ಆ ಮಕ್ಕಳು ಶಾಲೆಯ ರೀತಿಯ ಲೆಕ್ಕದ ಮುಂದೆ ತಡವರಿಸಿದರು. ಶಾಲೆಯ ಲೆಕ್ಕದಲ್ಲಿ ಪಳಗಿದ ಮಕ್ಕಳು ವ್ಯಾಪಾರದ ಲೆಕ್ಕದ ಮುಂದೆ ತಡವರಿಸಿದರು. ಬುದ್ಧಿ ಎರಡು ಕಡೆಗಳಲ್ಲಿಯೂ ಉಂಟು, ನಡುವೆ ಸೇತುವೆಯಿಲ್ಲ. ಆ ಸೇತುವೆಯನ್ನು ಕಟ್ಟುವುದೇ ಮಾಧ್ಯಮಿಕ ಶಾಲೆಯ ಕರ್ತವ್ಯ. ಹನ್ನೊಂದರಿಂದ ಹದಿಮೂರರವರೆಗಿನ ವಯಸ್ಸಿನಲ್ಲಿಯೇ ಭಿನ್ನರಾಶಿಯಿಂದ ಬೀಜಗಣಿತಕ್ಕೆ ಹಾದಿ ತಿರುಗುವುದು. ಇಲ್ಲಿ ಎಡವಿದವರು ಮುಂದೆ ಏಳುವುದು ಕಷ್ಟ.

ಬದುಕಿನ ಸಮಸ್ಯೆಗಳ ಮೂಲಕ ಗಣಿತವನ್ನು ಹೇಳುವುದು ಕನ್ನಡನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ವು ಹಣ್ಣು, ಹೂವು, ಚಿನ್ನ, ಬಡ್ಡಿ, ಪ್ರಯಾಣಗಳ ಸಮಸ್ಯೆಗಳಿಂದ ತುಂಬಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಪೂರ್ವಿಕರ ಹೆಸರನ್ನು ಹೇಳಿ ಹೆಮ್ಮೆಪಟ್ಟರೆ ಸಾಲದು. ಅದೇ ಮಹಾವೀರನು, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಬರೆದಿದ್ದಾನೆ. ಅದು ತಪ್ಪು. ಭಾಗಾಕಾರವೆಂದರೆ ಮತ್ತೆ ಮತ್ತೆ ಕಳೆಯುವುದೆಂದು ಬಲ್ಲ ಮಗುವು ಇದನ್ನು ತಾನೇ ಕಂಡುಹಿಡಿಯಬಲ್ಲುದು: ಹನ್ನೆರಡರಿಂದ ಮೂರನ್ನು ನಾಲ್ಕು ಸಲ ಕಳೆದರೆ ಮುಗಿಯುವುದು, ಸೊನ್ನೆಯನ್ನು ಎಷ್ಟು ಸಲ ಕಳೆದರೂ ಹನ್ನೆರಡು ಕರಗದು. ಆದುದರಿಂದ ಉತ್ತರ ಹನ್ನೆರಡಾಗಲಾರದು. ಮಹಾಪಂಡಿತನ ಮಾತನ್ನೂ ಒರೆಗೆ ಹಚ್ಚುವ ಧೈರ್ಯವನ್ನು ಹನ್ನೆರಡು ವರ್ಷದ ಮಗುವಿಗೆ ಕೊಡಬಲ್ಲ ವಿದ್ಯೆ ಗಣಿತಕ್ಕಿಂತ ಬೇರೊಂದು ಯಾವುದಿದೆ?

ಹಾಗಾದರೆ ತರಗತಿಯಲ್ಲಿ ಮಾಡಬೇಕಾದುದೇನು? ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದನು: ಸಮಸ್ಯೆಯನ್ನು ತಿಳಿಯುವುದು, ಉಪಾಯವನ್ನು ಹುಡುಕುವುದು, ಅದನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು. ನಮ್ಮ ಶಾಲೆಗಳಲ್ಲಿ ಮೂರನೆಯದೊಂದೇ ನಡೆಯುತ್ತಿದೆಯೆಂದರೆ ಅತಿಶಯೋಕ್ತಿಯಾಗದು. ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡಬೇಕು. ಪ್ರತಿಯೊಂದು ಪಾಲೂ ಅರ್ಧ, ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಎಂಬ ಬಗೆಯದಾಗಿರಬೇಕು. ಯಾವ ಎರಡು ಪಾಲುಗಳೂ ಸಮವಾಗಿರಬಾರದು. ಇದನ್ನು ಮಕ್ಕಳ ಮುಂದಿಟ್ಟು ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿರಲಿ. ಮಹಾವೀರನ ಸೂತ್ರದಿಂದ ಅರ್ಧ, ಮೂರರಲ್ಲಿ ಒಂದು, ಒಂಬತ್ತರಲ್ಲಿ ಒಂದು, ಹದಿನೆಂಟರಲ್ಲಿ ಒಂದು ಎಂದು ಉತ್ತರ ದೊರೆಯುವುದು. ಆದರೆ ಬೇರೆ ಉತ್ತರಗಳೂ ಉಂಟು. ಅವನ್ನು ಹುಡುಕುವಾಗ ಮಕ್ಕಳು ಮಾಡುವಷ್ಟು ಭಿನ್ನರಾಶಿಯ ಸಂಕಲನವನ್ನು ಐವತ್ತು ಲೆಕ್ಕಗಳ ಮನೆಗೆಲಸವೂ ಮಾಡಿಸಲಾರದು.

ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು ಬೇಡವೇ ಎಂದು ಹಿರಿಯರು ಕೇಳಬಹುದು. ಖಂಡಿತವಾಗಿಯೂ ಬೇಕು. ಏಳೆಂಟಲ ಎಷ್ಟೆಂದು ತಡಕಾಡುವವನು ದೊಡ್ಡ ಸಮಸ್ಯೆಯನ್ನು ಮನಸ್ಸಿನಲ್ಲಿ ಹಿಡಿದಿಡಲಾರನು. ಆದರೆ ನೆನಪು ಆಳಾಗಿರಬೇಕು, ಅರಸಾಗಬಾರದು. ಪಾಠದ ಮೊತ್ತವು ಮುಗಿಯದೆಂಬ ಉಪಾಧ್ಯಾಯರ ಕಷ್ಟವೂ ನಿಜವೇ. ಅದನ್ನು ಪರಿಹರಿಸತಕ್ಕವರು ಅಧಿಕಾರಿಗಳು. ಮಗುವಿನ ಆಲೋಚನೆಯನ್ನೇ ಗಣಿತಮಯವಾಗಿಸುವುದು ಮುಖ್ಯ ಗುರಿಯೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸಾರಿತು. ಪ್ರಶ್ನಪತ್ರಿಕೆಯು ಸೂತ್ರವನ್ನು ಮಾತ್ರ ಕೇಳುತ್ತಿರುವವರೆಗೆ ಆ ಮಾತು ಕಾಗದದ ಮೇಲೆಯೇ ಉಳಿಯುವುದು. ಪ್ರತಿ ಪತ್ರಿಕೆಯಲ್ಲಿಯೂ "ಏಕೆ ಎಂದು ವಿವರಿಸಿರಿ" ಎಂಬ ಎರಡು ಪ್ರಶ್ನೆಗಳಿರಲಿ. ಉತ್ತರ ತಪ್ಪಿದರೂ ಸರಿಯಾದ ವಿಚಾರಕ್ಕೆ ಅಂಕ ದೊರೆಯಲಿ. ಪಾಠದ ರೀತಿಯು ತಾನಾಗಿಯೇ ಬದಲಾಗುವುದು.

ಪೋಷಕರಲ್ಲಿಯೂ ಒಂದು ಬಿನ್ನಹವಿದೆ. ಮನೆಪಾಠದಿಂದ ಮರಳಿದ ಮಗುವನ್ನು ಎಷ್ಟು ಅಂಕ ಬಂದಿತೆಂದು ಕೇಳುವ ಮುನ್ನ, ಒಂದು ಲೆಕ್ಕವನ್ನು ತೋರಿಸಿ, ಹೀಗೆ ಮಾಡಿದುದೇಕೆಂದು ಕೇಳಿರಿ. ಉತ್ತರವು ನಮಗೂ ತಿಳಿಯದಿದ್ದರೆ ಜೊತೆಗೆ ಕುಳಿತು ಹುಡುಕೋಣ. ಅದರಲ್ಲಿ ನಾಚಿಕೆಯೇನೂ ಇಲ್ಲ. ಸಾಲಪತ್ರದ ಬಡ್ಡಿಯನ್ನೂ ಸರ್ಕಾರದ ಆಯವ್ಯಯವನ್ನೂ ಯಾರೋ ಹೇಳಿದರೆಂದು ಒಪ್ಪದೆ ತಾವೇ ಲೆಕ್ಕಹಾಕಿ ನೋಡುವ ಪ್ರಜೆಗಳು ಸ್ವತಂತ್ರ ದೇಶಕ್ಕೆ ಬೇಕು. ಅಂತಹವರು ತಯಾರಾಗುವುದು ಏಳನೆಯ ತರಗತಿಯ ಭಿನ್ನರಾಶಿಯ ಪಾಠದಲ್ಲಿಯೇ.