ಎಡ-ಬಲ ಅರಿತ ಲೋಹ: ಪಾರ್ಕಿನ್ಸನ್ ಔಷಧಿಯ ಹಿಂದಿನ ರಸಾಯನ

ಕೈಕಾಲುಗಳನ್ನು ನಡುಗಿಸಿ, ನಡೆ-ನುಡಿಗಳನ್ನು ಕುಂಠಿತಗೊಳಿಸುವ ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧಿ ಎಲ್-ಡೋಪಾ. ಇದನ್ನು ಕಾರ್ಖಾನೆಯಲ್ಲಿ ಹೆಚ್ಚು ವ್ಯರ್ಥವಿಲ್ಲದೆ ತಯಾರಿಸುವ ಮಾರ್ಗ ತೆರೆದದ್ದು ರೋಡಿಯಂ ಲೋಹದ ಒಂದು ಸಂಕೀರ್ಣ. ಅದನ್ನು ರೂಪಿಸಿದ ಅಮೆರಿಕದ ರಸಾಯನ ವಿಜ್ಞಾನಿ ವಿಲಿಯಂ ನೋಲ್ಸ್ 2001ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಸಂಶೋಧನೆ ನಡೆದದ್ದು ವಿಶ್ವವಿದ್ಯಾಲಯದಲ್ಲಲ್ಲ. ಸೇಂಟ್ ಲೂಯಿಸ್ ನಗರದ ಮಾನ್ಸಾಂಟೊ ಕಂಪನಿಯ ಪ್ರಯೋಗಾಲಯದಲ್ಲಿ.

ಒಂದೇ ಅಣು, ಎರಡು ರೂಪ

ಎಡಗೈ ಮತ್ತು ಬಲಗೈ ನೋಡಲು ಒಂದೇ ಬಗೆ. ಆದರೆ ಬಲಗೈಯ ಕೈಚೀಲ ಎಡಗೈಗೆ ಹೊಂದುವುದಿಲ್ಲ. ಅನೇಕ ಅಣುಗಳಿಗೂ ಹೀಗೆಯೇ ಕನ್ನಡಿ ಬಿಂಬದಂತಹ ಎರಡು ರೂಪಗಳಿವೆ. ಡೋಪಾ ಅಣುವಿನ 'ಎಲ್' ರೂಪ ಮೆದುಳನ್ನು ಸೇರಿ, ರೋಗಿಗೆ ಕೊರತೆಯಾಗಿರುವ ಡೋಪಮೈನ್ ಆಗಿ ಮಾರ್ಪಡುತ್ತದೆ. 'ಡಿ' ರೂಪದಿಂದ ಆ ಉಪಯೋಗವಿಲ್ಲ.

1967ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಕೋಟ್ಸಿಯಾಸ್ ಎರಡೂ ರೂಪಗಳ ಮಿಶ್ರಣವನ್ನು ಹೆಚ್ಚಿನ ಪ್ರಮಾಣದಲ್ಲಿ ನೀಡಿದಾಗ ರೋಗಿಗಳು ಚೇತರಿಕೆ ಕಂಡರು. ಆದರೆ ಕೆಲವರಲ್ಲಿ ಬಿಳಿ ರಕ್ತಕಣಗಳು ಕುಸಿದವು. ಅಲ್ಲಿಂದ ಮುಂದೆ ಶುದ್ಧ ಎಲ್-ಡೋಪಾಗೆ ಬೇಡಿಕೆ ಬಂತು.

ನಮ್ಮ ಬೇಲಿಗಳಲ್ಲಿ ಹಬ್ಬಿ, ಮುಟ್ಟಿದವರಿಗೆ ತುರಿಕೆ ತರುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಸಹಜವಾಗಿಯೇ ಇದೆ. ಸಸ್ಯದ ಕಿಣ್ವಗಳು ಬೇಕಾದ ರೂಪವನ್ನಷ್ಟೇ ಸೃಷ್ಟಿಸುತ್ತವೆ. ಪ್ರಯೋಗಾಲಯದ ಸಾಮಾನ್ಯ ರಾಸಾಯನಿಕ ಕ್ರಿಯೆಗೆ ಆ ವಿವೇಚನೆಯಿಲ್ಲ. ಎರಡೂ ರೂಪಗಳು ಸಮಪ್ರಮಾಣದಲ್ಲಿ ಹುಟ್ಟುತ್ತವೆ. ಅವುಗಳನ್ನು ಬೇರ್ಪಡಿಸಿ, ಬೇಡವಾದ ಅರ್ಧಭಾಗವನ್ನು ಎಸೆಯಬೇಕು ಅಥವಾ ಮತ್ತೆ ಸಂಸ್ಕರಿಸಬೇಕು. ಎರಡೂ ದುಬಾರಿ.

ಲೋಹದ ಸುತ್ತಲಿನ ಪರಿವಾರ

ಲೋಹ ಸಂಕೀರ್ಣವೆಂದರೆ ನಡುವೆ ಒಂದು ಲೋಹದ ಪರಮಾಣು, ಅದಕ್ಕೆ ಅಂಟಿಕೊಂಡ ಇತರ ಅಣುಗಳ ಪರಿವಾರ. 1960ರ ದಶಕದ ನಡುವಿನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೆಫ್ರಿ ವಿಲ್ಕಿನ್ಸನ್ ಅವರ ತಂಡ ಇಂತಹ ರೋಡಿಯಂ ಸಂಕೀರ್ಣವೊಂದು ಉತ್ತಮ ಕ್ರಿಯಾವರ್ಧಕವೆಂದು ತೋರಿಸಿತು. ಅದರಲ್ಲಿ ರೋಡಿಯಂಗೆ ಮೂರು ಫಾಸ್ಫೀನ್ ಅಣುಗಳು ಹಾಗೂ ಒಂದು ಕ್ಲೋರಿನ್ ಅಂಟಿರುತ್ತವೆ.

ಕ್ರಿಯೆ ನಡೆಯುವಾಗ ಒಂದು ಫಾಸ್ಫೀನ್ ಕಳಚಿ ಜಾಗ ತೆರವಾಗುತ್ತದೆ. ಜಲಜನಕದ ಅಣು ಲೋಹದ ಮೇಲೆ ಇಬ್ಭಾಗವಾಗುತ್ತದೆ. ಇಂಗಾಲದ ಜೋಡಿ ಬಂಧವಿರುವ ಅಣು ಪಕ್ಕಕ್ಕೆ ಬಂದು ಸೇರಿ, ಕ್ಷಣಕಾಲ ಲೋಹ-ಇಂಗಾಲ ಬಂಧ ಏರ್ಪಡುತ್ತದೆ. ಜಲಜನಕ ಇಂಗಾಲಕ್ಕೆ ವರ್ಗವಾದ ಬಳಿಕ ಹೊಸ ಅಣು ಹೊರಬೀಳುತ್ತದೆ. ಲೋಹ ಮುಂದಿನ ಸರದಿಗೆ ಸಿದ್ಧ. ಆದ್ದರಿಂದಲೇ ದುಬಾರಿ ರೋಡಿಯಂ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಾಕು.

ಆದರೆ ಈ ಸಂಕೀರ್ಣಕ್ಕೂ ಎಡ-ಬಲಗಳ ಭೇದ ತಿಳಿದಿರಲಿಲ್ಲ. ಲೋಹದ ಸುತ್ತಲಿನ ಫಾಸ್ಫೀನನ್ನೇ ಎಡ ಅಥವಾ ಬಲ ರೂಪದ್ದಾಗಿ ಬದಲಿಸಿದರೆ ಹೇಗೆ ಎಂಬುದು ನೋಲ್ಸ್ ಎತ್ತಿದ ಪ್ರಶ್ನೆ. ಬಲಗೈ ಇನ್ನೊಂದು ಬಲಗೈಯನ್ನು ಸಲೀಸಾಗಿ ಕುಲುಕುವಂತೆ, ಅಂತಹ ಪರಿವಾರ ಒಂದು ರೂಪಕ್ಕೆ ಮಾತ್ರ ಅನುಕೂಲ ಮಾಡಿಕೊಡಬಹುದಿತ್ತು.

1968ರಲ್ಲಿ ಪ್ರಕಟವಾದ ಮೊದಲ ಫಲಿತಾಂಶ ಸಾಧಾರಣವಾಗಿತ್ತು. ಸಾವಿರ ಅಣುಗಳಲ್ಲಿ ಸುಮಾರು 575 ಒಂದು ರೂಪದವು, 425 ಇನ್ನೊಂದು ರೂಪದವು. ಕಾರ್ಖಾನೆಗೆ ಅದು ನಿರುಪಯುಕ್ತ. ಆದರೆ ಊಹೆ ಸರಿಯೆಂಬುದು ಸಾಬೀತಾಗಿತ್ತು. ನೋಲ್ಸ್ ಮತ್ತು ಸಹೋದ್ಯೋಗಿಗಳು ಫಾಸ್ಫೀನ್‌ನ ರಚನೆಯನ್ನು ಒಂದೊಂದಾಗಿ ಬದಲಿಸುತ್ತ ಹೋದರು. ಕೊನೆಗೆ ದೊರೆತ 'ಡೈಪ್ಯಾಂಪ್' ಎಂಬ ಫಾಸ್ಫೀನ್ ಬಳಸಿದಾಗ ಸಾವಿರಕ್ಕೆ ಸುಮಾರು 975 ಅಣುಗಳು ಬೇಕಾದ ರೂಪದಲ್ಲೇ ಬಂದವು. ಐಸ್‌ಕ್ರೀಂಗೆ ಪರಿಮಳ ಕೊಡುವ ವೆನಿಲಿನ್‌ನಿಂದ ಆರಂಭವಾಗುವ ಎಲ್-ಡೋಪಾ ತಯಾರಿಕೆಯನ್ನು ಕಂಪನಿ 1974ರ ಹೊತ್ತಿಗೆ ಈ ವಿಧಾನದಲ್ಲಿ ನಡೆಸತೊಡಗಿತು.

ಮುಂದುವರಿದ ಹಾದಿ

ಎಲ್-ಡೋಪಾ ಲಕ್ಷಣಗಳನ್ನು ಹತೋಟಿಗೆ ತರುತ್ತದೆಯೇ ಹೊರತು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ರೋಗಿ ಅದನ್ನು ವರ್ಷಗಟ್ಟಲೆ ಸೇವಿಸಬೇಕು. ಆದ್ದರಿಂದ ಶುದ್ಧತೆ ಹಾಗೂ ತಯಾರಿಕಾ ವೆಚ್ಚ ಎರಡೂ ಮುಖ್ಯ.

ಜಪಾನಿನ ರಿಯೋಜಿ ನೊಯೊರಿ ಇದೇ ತತ್ವವನ್ನು ರುಥೇನಿಯಂ ಸಂಕೀರ್ಣಗಳಿಗೆ ವಿಸ್ತರಿಸಿ, ಇನ್ನಷ್ಟು ಬಗೆಯ ಅಣುಗಳಿಗೆ ಅನ್ವಯಿಸಿದರು. 2001ರ ಪ್ರಶಸ್ತಿಯ ಅರ್ಧಭಾಗವನ್ನು ನೋಲ್ಸ್ ಮತ್ತು ನೊಯೊರಿ ಹಂಚಿಕೊಂಡರೆ, ಉಳಿದರ್ಧ ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಅವರಿಗೆ ಸಂದಿತು. 1986ರಲ್ಲೇ ನಿವೃತ್ತರಾಗಿದ್ದ ನೋಲ್ಸ್ ಅವರಿಗೆ ಆಗ 84 ವರ್ಷ. 2012ರಲ್ಲಿ ಅವರು ನಿಧನರಾದರು. ಒಂದೇ ರೂಪದ ಅಣು ಬೇಕಾದ ಹಲವು ಔಷಧಿಗಳ ತಯಾರಿಕೆಯಲ್ಲಿ ಅವರು ತೋರಿದ ಮಾರ್ಗ ಇಂದಿಗೂ ಬಳಕೆಯಲ್ಲಿದೆ.