ಬೇರಿಲ್ಲದ ಹಲ್ಲು

ಹಲ್ಲು ಬಿಳುಪಾಗಿ ಹೊಳೆಯುತ್ತಿದ್ದರೆ ಗಟ್ಟಿಯಾಗಿಯೂ ಇರುವುದೆಂದು ನಾವು ಸಹಜವಾಗಿ ನಂಬುತ್ತೇವೆ. ಆದರೆ ಹುಳುಕಿಲ್ಲದ, ನೋಟಕ್ಕೆ ಕುಂದಿಲ್ಲದ ಹಲ್ಲುಗಳೂ ಎಳೆಯ ಪ್ರಾಯದಲ್ಲಿಯೇ ಅಲುಗಾಡಿ ಬಿದ್ದುಹೋಗುವುದುಂಟು. ಇದಕ್ಕೆ ಕಾರಣವಾಗುವ ವಿರಳ ದೋಷಗಳಲ್ಲೊಂದು ಡೆಂಟಿನ್ ಡಿಸ್‌ಪ್ಲೇಸಿಯಾ. 1920ರಲ್ಲಿ ಜರ್ಮನಿಯ ಬಾಲ್‌ಶ್ಮೀಡೆ ಇದನ್ನು ಬೇರಿಲ್ಲದ ಹಲ್ಲುಗಳೆಂದು ವರ್ಣಿಸಿದರು. 1939ರಲ್ಲಿ ಇಂಗ್ಲೆಂಡಿನ ರಷ್ಟನ್ ಈಗಿನ ಹೆಸರನ್ನಿತ್ತರು.

ಹಲ್ಲಿನ ತಲೆಗೆ ಎನಾಮಲ್ ಹೊದಿಕೆಯಷ್ಟೆ. ಅದರ ಕೆಳಗಿದ್ದು ಬೇರಿನ ತುದಿಯವರೆಗೂ ಇಳಿಯುವ ಧಾತುವೇ ಡೆಂಟಿನ್. ಅದರ ನಡುವೆ ನರ, ರಕ್ತನಾಳಗಳಿರುವ ತಿರುಳಿದೆ. ಈ ದೋಷದಲ್ಲಿ ಎರಡು ಬಗೆಗಳುಂಟು. ಸುಮಾರು ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಮೊದಲನೆಯದರಲ್ಲಿ ಹಲ್ಲಿನ ತಲೆ ಸರಿಯಾಗಿಯೇ ರೂಪುಗೊಳ್ಳುತ್ತದೆ. ಆಮೇಲೆ ಡೆಂಟಿನ್ನಿನ ರಚನೆ ಕ್ರಮ ತಪ್ಪಿ, ತಿರುಳಿನ ಜಾಗವನ್ನೇ ತುಂಬಿಬಿಡುತ್ತದೆ. ಬೇರು ಮೊಂಡಾಗಿ ನಿಲ್ಲುತ್ತದೆ. ಆಳವಿಲ್ಲದ ಕಂಬದಂತೆ ಹಲ್ಲು ಸಡಿಲವಾಗುತ್ತದೆ. ಎರಡನೆಯದರಲ್ಲಿ ಬೇರು ಸಹಜವಾಗಿದ್ದು, ಹಾಲುಹಲ್ಲುಗಳ ಬಣ್ಣ ಕಂದುಗಟ್ಟುತ್ತದೆ.

ಎರಡೂ ವಂಶಪಾರಂಪರ್ಯವಾಗಿ ಬರುವಂಥವು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ, ಸಾಮಾನ್ಯವಾಗಿ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಎರಡನೆಯ ಬಗೆಗೆ ನಾಲ್ಕನೆಯ ವರ್ಣತಂತುವಿನಲ್ಲಿರುವ ಡಿ.ಎಸ್.ಪಿ.ಪಿ. ಎಂಬ ಜೀನಿನ ಲೋಪ ಕಾರಣವೆಂದು ಗೊತ್ತಾಗಿದೆ.

ಇದನ್ನು ತಿಳಿದಿರಬೇಕಾದುದು ವೈದ್ಯರಷ್ಟೇ ಅಲ್ಲ. ಹಲ್ಲು ಅಲುಗಾಡತೊಡಗಿದ ಹುಡುಗನನ್ನು ‘ನೀನು ಸರಿಯಾಗಿ ಉಜ್ಜುವುದಿಲ್ಲ’ ಎಂದು ಗದರಿಸುವುದು ಸುಲಭ. ಮಗುವಿಗೆ ಸಿಹಿ ತಿನ್ನಿಸಿದಳೆಂದು ತಾಯಿಯನ್ನು ಆಕ್ಷೇಪಿಸುವುದು ಇನ್ನೂ ಸುಲಭ. ತಪ್ಪು ಇಬ್ಬರದೂ ಅಲ್ಲ. ಕಣ್ಣಿಗೆ ಕಾಣದ ಈ ಕೊರತೆಯನ್ನು ಒಂದು ಎಕ್ಸ್‌-ರೇ ಚಿತ್ರ ತೋರಿಸಿಕೊಡುತ್ತದೆ: ಮೊಟಕಾದ ಬೇರು, ಮುಚ್ಚಿಹೋದ ತಿರುಳು, ಹುಳುಕಿಲ್ಲದಿದ್ದರೂ ಬೇರಿನ ತುದಿಯಲ್ಲಿ ಕಪ್ಪು ಛಾಯೆ.

ದೋಷವನ್ನು ನೀಗುವ ಔಷಧವಿಲ್ಲ. ತಿರುಳಿನ ದಾರಿ ಮುಚ್ಚಿರುವುದರಿಂದ ಬೇರಿನ ನಾಳದ ಚಿಕಿತ್ಸೆಯೂ ಕಷ್ಟ. ಆದರೆ ಬೇಗನೆ ಗುರುತಿಸಿದರೆ ವಸಡನ್ನು ಶುಚಿಯಾಗಿಟ್ಟು, ಆಗಾಗ ಪರೀಕ್ಷೆ ಮಾಡಿಸುತ್ತ, ಇರುವ ಹಲ್ಲುಗಳನ್ನು ಆದಷ್ಟು ಕಾಲ ಉಳಿಸಿಕೊಳ್ಳಬಹುದು. ಉದುರಿದವುಗಳ ಜಾಗಕ್ಕೆ ಕಟ್ಟುಹಲ್ಲು ಹಾಕಿಸಬಹುದು. ದವಡೆಯ ಬೆಳವಣಿಗೆ ಮುಗಿದ ಮೇಲೆ, ಮೂಳೆ ಸಾಕಷ್ಟಿದ್ದರೆ, ಅದರಲ್ಲಿಯೇ ನೆಲೆಗೊಳಿಸುವ ಕೃತಕ ಹಲ್ಲುಗಳೂ ಉಂಟು. ಒಬ್ಬ ಮಗುವಿನಲ್ಲಿ ಕಂಡರೆ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳ್ಳೆಯದು. ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮೊದಲೇ ನಾವು ಬೇರನ್ನು ನೋಡಬೇಕು.