ಒಂದೇ ಕೆರೆಯ ರೈತರು: ಕೋಲಾರ ಭಾಗದಲ್ಲಿ ಮಣ್ಣು–ನೀರಿನ ಸಾಮೂಹಿಕ ಪುನಶ್ಚೇತನ



ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ರಾಜ್ಯದ ಪೂರ್ವ ಒಣ ವಲಯಕ್ಕೆ ಸೇರಿವೆ. ವರ್ಷಕ್ಕೆ ಸರಾಸರಿ 700 ಮಿ.ಮೀ. ಆಸುಪಾಸಿನ ಮಳೆಯಾಗುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಅತಿ ಹೆಚ್ಚು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಈ ಕೊರತೆಯನ್ನು ಅರಿತೇ ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವಂತೆ ಅವುಗಳನ್ನು ಸರಪಳಿಯಾಗಿ ಜೋಡಿಸಲಾಗಿತ್ತು. ನೀರನ್ನು ಹಂಚಲು ನೀರುಗಂಟಿ ಇದ್ದನು. ಅವನ ತೂಬಿನ ಕೆಲಸ ನಿಂತ ಕಾಲಕ್ಕೆ ಕೊಳವೆ ಬಾವಿಯ ಕೆಲಸ ಆರಂಭವಾಯಿತು. ಕೆರೆಯ ನೀರು ಊರಿನದಾಗಿತ್ತು. ಕೊಳವೆ ಬಾವಿಯ ನೀರು ಕೊರೆಸಿದವರದು ಎಂಬ ಭಾವನೆ ಬೆಳೆಯಿತು. ಈ ಲೇಖನದಲ್ಲಿ ಚರ್ಚಿಸಲಿರುವ ತೊಂದರೆಗಳ ಬೇರು ಬಹುಮಟ್ಟಿಗೆ ಇಲ್ಲಿದೆ.

ಮಣ್ಣಿನ ಪುನಶ್ಚೇತನ ಕೃಷಿ ಎಂಬ ಮಾತು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಮಣ್ಣನ್ನು ಬರಿದಾಗಿ ಬಿಡದಿರುವುದು, ಅನಗತ್ಯವಾಗಿ ಉಳದಿರುವುದು, ಬಗೆಬಗೆಯ ಬೆಳೆಗಳನ್ನು ಜೊತೆಯಾಗಿ ಬೆಳೆಯುವುದು, ಬೆಳೆಯ ಉಳಿಕೆ ಮತ್ತು ಜಾನುವಾರು ಗೊಬ್ಬರವನ್ನು ಭೂಮಿಗೆ ಹಿಂದಿರುಗಿಸುವುದು ಇದರ ಸಾರ. ರಾಗಿಯೊಡನೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು, ಹರಳುಗಳನ್ನು ಅಕ್ಕಡಿ ಸಾಲುಗಳಲ್ಲಿ ಬಿತ್ತುತ್ತಿದ್ದ ಈ ಸೀಮೆಯ ರೈತರಿಗೆ ಇದರಲ್ಲಿ ಅರ್ಧ ಭಾಗ ಹೊಸದೇನಲ್ಲ. ಹೊಸದಾಗಿ ಕಲಿಯಬೇಕಾದುದು ಇದನ್ನು ಒಬ್ಬೊಬ್ಬರಾಗಿ ಅಲ್ಲದೆ ಒಂದು ಕೆರೆಯ ಅಚ್ಚುಕಟ್ಟು ಮತ್ತು ಜಲಾನಯನದ ರೈತರೆಲ್ಲರೂ ಕೂಡಿ ಮಾಡುವ ಬಗೆಯನ್ನು.

ಒಂದು ಎಕರೆಯ ಲೆಕ್ಕ

ಕಾಗದ, ಪೆನ್ನು ತೆಗೆದುಕೊಂಡು ಈ ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4,047 ಲೀಟರ್ ನೀರು. 700 ಮಿ.ಮೀ. ಮಳೆಗೆ ಸುಮಾರು 28 ಲಕ್ಷ ಲೀಟರ್ ಆಗುತ್ತದೆ. ನಮ್ಮ ಭೂಮಿಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಅದರ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಇಂತಹ ಪ್ರದೇಶದಲ್ಲಿ ಮಳೆಯ ನೂರರಲ್ಲಿ ಎಂಟು ಪಾಲು ಅಂತರ್ಜಲ ಸೇರುತ್ತದೆಂದು ಹಿಡಿದರೆ ಎಕರೆಗೆ ಸುಮಾರು 2 ಲಕ್ಷ 27 ಸಾವಿರ ಲೀಟರ್ ಆಯಿತು.

ಇನ್ನು ವೆಚ್ಚದ ಕಡೆ ನೋಡಿರಿ. ಬೇಸಿಗೆಯ ಟೊಮೆಟೊ ಬೆಳೆಗೆ ಹನಿ ನೀರಾವರಿಯಲ್ಲಿಯೂ 500 ಮಿ.ಮೀ. ನೀರು ಬೇಕೆಂದು ಇಟ್ಟುಕೊಂಡರೆ ಎಕರೆಗೆ 20 ಲಕ್ಷ ಲೀಟರ್ ದಾಟುತ್ತದೆ. ಅಂದರೆ ಒಂದು ಎಕರೆ ಬೇಸಿಗೆ ಟೊಮೆಟೊ ಸುಮಾರು ಒಂಬತ್ತು ಎಕರೆ ಭೂಮಿಯ ಇಡೀ ವರ್ಷದ ಮರುಪೂರಣವನ್ನು ಕುಡಿಯುತ್ತದೆ. ಆ ಒಂಬತ್ತು ಎಕರೆಯಲ್ಲಿ ಎಂಟು ಎಕರೆ ಬಹುಶಃ ನಿಮ್ಮದಲ್ಲ, ನಿಮ್ಮ ಪಕ್ಕದವರದು. ಈ ತಾಲ್ಲೂಕುಗಳೆಲ್ಲವೂ ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳೆಂದು ವರ್ಗೀಕರಣಗೊಂಡಿರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹನಿ ನೀರಾವರಿ ಅಳವಡಿಸಿದರೆ ಸಮಸ್ಯೆ ಮುಗಿಯಿತೆಂದು ನಮ್ಮಲ್ಲಿ ಅನೇಕರು ನಂಬಿದ್ದೆವು. ಸಲಹೆ ನೀಡುವವರಾದ ನಾವೂ ಈ ಮಾತಿಗೆ ಹೊರತಲ್ಲ. ಹನಿ ನೀರಾವರಿ ಎಕರೆಯ ಲೆಕ್ಕದಲ್ಲಿ ನೀರನ್ನು ಉಳಿಸುತ್ತದೆ, ಸಂಶಯವಿಲ್ಲ. ಆದರೆ ಉಳಿದ ನೀರಿನಿಂದ ಇನ್ನೊಂದು ಎಕರೆ ನಾಟಿ ಮಾಡಿದರೆ ಊರಿನ ಲೆಕ್ಕದಲ್ಲಿ ಉಳಿತಾಯ ಸೊನ್ನೆ. ಒಬ್ಬರು ಉಳಿಸಿದ್ದನ್ನು ಮತ್ತೊಬ್ಬರು ಆಳದ ಕೊಳವೆ ಬಾವಿಯಿಂದ ಎತ್ತಿದರೂ ಅಷ್ಟೇ. ಆದುದರಿಂದ ನೀರಿನ ಒಪ್ಪಂದವಿಲ್ಲದೆ ನೀರಿನ ಉಳಿತಾಯವಿಲ್ಲ.

ನೆರೆಯ ಉದಾಹರಣೆ ಇದೆ. ಆಂಧ್ರಪ್ರದೇಶದಲ್ಲಿ ಚಿತ್ತೂರು, ಅನಂತಪುರವೂ ಸೇರಿದಂತೆ ಏಳು ಬರಪೀಡಿತ ಜಿಲ್ಲೆಗಳ ರೈತರು ಎರಡು ದಶಕಗಳ ಹಿಂದೆ ತಮ್ಮ ಬಾವಿಗಳ ನೀರಿನ ಮಟ್ಟವನ್ನೂ ಮಳೆಯನ್ನೂ ತಾವೇ ಅಳೆದು, ಹಿಂಗಾರಿನ ಮೊದಲು ಸಭೆ ಸೇರಿ ಬೆಳೆಗೆ ನೀರಿನ ಆಯವ್ಯಯ ಮಾಡಿದರು. ಯಾರಿಗೂ ನಿಷೇಧ ವಿಧಿಸಲಿಲ್ಲ. ಲೆಕ್ಕವನ್ನು ಊರ ಗೋಡೆಯ ಮೇಲೆ ಬರೆದರು. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ಕೋಲಾರ ಜಿಲ್ಲೆಯೂ ಸೇರಿತ್ತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜಲ ಭದ್ರತಾ ಯೋಜನೆ ತಯಾರಿಸುವುದು ಅದರ ತಿರುಳು. ನಿಮ್ಮ ಪಂಚಾಯಿತಿಯಲ್ಲಿ ಆ ದಾಖಲೆಯನ್ನು ಕೇಳಿ ಪಡೆದು ಓದಿರಿ. ಹೊಸದಾಗಿ ಆರಂಭಿಸುವುದಾದರೆ, ಓಡುವ ಪಂಪಿನ ಕೊಳವೆ ಬಾವಿಯಲ್ಲಿ ಮಟ್ಟ ಅಳೆಯುವುದು ಕಷ್ಟ. ಬಳಕೆಯಲ್ಲಿಲ್ಲದ ಎರಡು–ಮೂರು ಬಾವಿಗಳನ್ನು ಆರಿಸಿ ಪ್ರತಿ ತಿಂಗಳೂ ಒಂದೇ ದಿನಾಂಕದಂದು ಅಳೆದರೆ ಸಾಕು.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಂದಿನಿಂದ ಹಲವು ಕೆರೆಗಳು ತುಂಬಿವೆ. ಈ ನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಣೆಗೊಂಡಿದೆ. ಅಂತರ್ಜಲ ಮರುಪೂರಣವೇ ಇದರ ಉದ್ದೇಶ. ಕೆರೆಯಿಂದ ನೇರವಾಗಿ ಪಂಪ್ ಮಾಡಿ ಹಸಿಯಾಗಿ ತಿನ್ನುವ ತರಕಾರಿಗೆ ಹಾಯಿಸುವುದು ತರವಲ್ಲ. ಅಂತಹ ಕೆರೆಯ ಹೂಳನ್ನು ಹೊಲಕ್ಕೆ ಹಾಕುವ ಮೊದಲು ಭಾರ ಲೋಹಗಳಿಗಾಗಿ ಪರೀಕ್ಷೆ ಮಾಡಿಸಿರಿ. ಕೆರೆ ತುಂಬಿತೆಂದು ಟೊಮೆಟೊ ಕ್ಷೇತ್ರವನ್ನು ಇಮ್ಮಡಿಗೊಳಿಸಿದರೆ ಮೇಲಿನ ಲೆಕ್ಕ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

ಮಣ್ಣಿನ ವಿಚಾರ

ನಮ್ಮ ಕೆಂಪು ಮರಳು ಮಿಶ್ರಿತ ಗೋಡು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಬಿರುಮಳೆಗೆ ಮೇಲ್ಮೈ ಹೆಪ್ಪುಗಟ್ಟುತ್ತದೆ, ಆಮೇಲೆ ಬೀಳುವ ನೀರು ಇಂಗದೆ ಹರಿದುಹೋಗುತ್ತದೆ. ಒಂದು ಎಕರೆಯಿಂದ ಕೇವಲ 1 ಮಿ.ಮೀ. ದಪ್ಪದ ಮಣ್ಣು ಕೊಚ್ಚಿಹೋದರೆ ಐದೂವರೆ ಟನ್‌ಗೂ ಹೆಚ್ಚು ಮಣ್ಣು ಹೋದಂತೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಕೆರೆಯಲ್ಲಿ ತುಂಬಿರುವ ಹೂಳು ನಿಮ್ಮ ಹೊಲದ ಮೇಲ್ಮಣ್ಣೇ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಎಂದೇ ಪರಿಗಣಿಸಲಾಗುತ್ತದೆ. ಇದನ್ನು ಒಂದೆರಡು ವರ್ಷಗಳಲ್ಲಿ ಇಮ್ಮಡಿ ಮಾಡಿಕೊಡುತ್ತೇವೆಂದು ಹೇಳುವವರ ಮಾತನ್ನು ನಂಬಬೇಡಿರಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 850 ಟನ್. ಶೇ. 0.1ರಷ್ಟು ಏರಿಸಬೇಕಾದರೆ 850 ಕಿ.ಗ್ರಾಂ. ಇಂಗಾಲ ಅಲ್ಲಿ ಉಳಿಯಬೇಕು. ಹಾಕಿದ ಗೊಬ್ಬರದ ಇಂಗಾಲದಲ್ಲಿ ಬಹುಪಾಲು ಸೂಕ್ಷ್ಮಜೀವಿಗಳ ಉಸಿರಾಟದಲ್ಲಿ ಗಾಳಿಗೆ ಹೋಗುತ್ತದೆ. ಆದುದರಿಂದ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರವನ್ನು ವರ್ಷ ತಪ್ಪದೆ ಹಾಕಿದರೂ ಇದು ಹಲವು ವರ್ಷಗಳ ಕೆಲಸ. ಜೀವಾಮೃತ ಸೂಕ್ಷ್ಮಜೀವಿಗಳಿಗೆ ನೆರವಾಗಬಹುದು, ಆದರೆ ಜೀವರಾಶಿಯ ಜಾಗವನ್ನು ಅದು ತುಂಬಲಾರದು.

ರಾಸಾಯನಿಕ ಗೊಬ್ಬರವನ್ನು ಮೊದಲ ವರ್ಷವೇ ಪೂರ್ತಿ ನಿಲ್ಲಿಸಿ ಎಂದು ನಾನು ಹೇಳಲಾರೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯಲ್ಲಿ ನಡೆದ ದೀರ್ಘಾವಧಿ ಪ್ರಯೋಗ ಇದೇ ಕೆಂಪು ಮಣ್ಣಿನದು. ಕೇವಲ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ಇಳುವರಿ ವರ್ಷಗಳು ಕಳೆದಂತೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸು ಮಾಡಿದ ರಾಸಾಯನಿಕ ಗೊಬ್ಬರವನ್ನೂ ಪಡೆದ ತಾಕುಗಳಲ್ಲಿ ಇಳುವರಿ ಉತ್ತಮವಾಗಿ ಉಳಿದುಕೊಂಡಿತು. ಮಣ್ಣು ಚೇತರಿಸಿಕೊಂಡಂತೆ, ಪರೀಕ್ಷೆಯ ಆಧಾರದ ಮೇಲೆ, ರಾಸಾಯನಿಕದ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಸಾಲ ಮಾಡಿ ಬೇಸಾಯ ಮಾಡುವ ಕುಟುಂಬಕ್ಕೆ ಸುರಕ್ಷಿತ ದಾರಿ.

ಜೀವರಾಶಿ ಎಲ್ಲಿಂದ ತರುವುದು ಎಂಬುದೇ ನಿಜವಾದ ಪ್ರಶ್ನೆ. ಭರಣಿ–ಕೃತ್ತಿಕೆ ಮಳೆಗೆ ಅಪ್ಸೆಣಬು ಅಥವಾ ಅಲಸಂದೆ ಬಿತ್ತಿ, ಹೂ ಬಿಡುವ ಹಂತದಲ್ಲಿ ಮಣ್ಣಿಗೆ ಸೇರಿಸಿ, ಜುಲೈ ಕೊನೆಯಲ್ಲಿ ರಾಗಿ ಹಾಕಬಹುದು. ಬದುಗಳ ಮೇಲೆ ಗ್ಲಿರಿಸಿಡಿಯಾ, ಹೊಂಗೆ ಬೆಳೆಸಿ ಸೊಪ್ಪು ಕತ್ತರಿಸಬಹುದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲುಗಳ ನಡುವೆ ನೀರು ಇಂಗಲು ಒಂದು ಕಾಲುವೆ ತೆರೆದರೆ ಬಿದ್ದ ಮಳೆ ಅಲ್ಲೇ ನಿಲ್ಲುತ್ತದೆ. ತೊಗರಿಯ ಉದುರೆಲೆಯೂ ಮಣ್ಣಿಗೆ ಸೇರುತ್ತದೆ. ಶ್ರೀನಿವಾಸಪುರ, ಮುಳಬಾಗಿಲಿನ ಮಾವಿನ ತೋಪುಗಳನ್ನು ವರ್ಷಕ್ಕೆ ಮೂರು ಬಾರಿ ಉತ್ತು ಬರಿದಾಗಿ ಇಡುವ ವಾಡಿಕೆಯನ್ನು ದಯವಿಟ್ಟು ಬಿಡಿರಿ. ಮಳೆಗಾಲದಲ್ಲಿ ಮರಗಳ ನಡುವೆ ಹುರುಳಿ ಬಿತ್ತಿರಿ. ನೀಲಗಿರಿ ತೆಗೆದ ಭೂಮಿಯಲ್ಲಿ ಮೊದಲ ಎರಡು ವರ್ಷ ಹುರುಳಿ, ಹುಚ್ಚೆಳ್ಳಿಗಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿರಿ.

ಕೂಡಿ ಮಾಡದಿದ್ದರೆ ಏನಾಗುತ್ತದೆ

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ಒಂದು ಗ್ರಾಮದಲ್ಲಿ ಒಬ್ಬ ಆಸಕ್ತ ರೈತರಿಗೆ ನಾನು ಸಲಹೆ ನೀಡಿದೆ. ಅಲಸಂದೆಯ ನಂತರ ಸೆಪ್ಟೆಂಬರಿನಲ್ಲಿ ಹುರುಳಿ ಬಿತ್ತಿ, ಕಾಯಿ ಬಿಡಿಸಿಕೊಂಡು, ಬಳ್ಳಿಯನ್ನು ಹೊಲದಲ್ಲೇ ಹೊದಿಕೆಯಾಗಿ ಬಿಡಬೇಕೆಂದು ಹೇಳಿದ್ದೆ. ಅವರು ಹೇಳಿದಂತೆಯೇ ಮಾಡಿದರು. ಜನವರಿಯಲ್ಲಿ ನಾನು ಹೋದಾಗ ನೆಲದ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ಎರಡು ದಿನಗಳಲ್ಲಿ ಕುರಿ ಹಿಂಡು ಮೇಯ್ದು ಹೋಗಿತ್ತು. ಕುರಿ ಕಾಯುವವರನ್ನು ದೂರುವಂತಿರಲಿಲ್ಲ. ಕೊಯ್ಲಾದ ಹೊಲ ಎಲ್ಲರ ಜಾನುವಾರಿಗೂ ತೆರೆದದ್ದು ಎಂಬುದು ಆ ಊರಿನ ಹಳೆಯ ಒಪ್ಪಂದ. ತಪ್ಪು ನನ್ನದು. ಇಡೀ ಊರಿನೊಡನೆ ಆಡಬೇಕಿದ್ದ ಮಾತನ್ನು ಒಬ್ಬರೊಡನೆ ಆಡಿ ಬಂದಿದ್ದೆ. ಮರುವರ್ಷ ಆ ದಿಣ್ಣೆಯ ಹದಿನೇಳು ಕುಟುಂಬಗಳು ಕುರಿಗಾಹಿಗಳನ್ನೂ ಕೂರಿಸಿಕೊಂಡು ಮಾತನಾಡಿದವು. ಹೊದಿಕೆ ಇರುವ ಹೊಲಗಳನ್ನು ಬಿಟ್ಟು, ಬೇರೆ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸುವುದು, ಅದಕ್ಕೆ ಹಿಂಡಿನವರಿಗೆ ರಾಗಿ ಕೊಡುವುದು ಎಂದು ತೀರ್ಮಾನವಾಯಿತು. ಹೊದಿಕೆ ಉಳಿಯಿತು, ಕುರಿ ಗೊಬ್ಬರವೂ ದೊರೆಯಿತು.

ಬದುಗಳದೂ ಇದೇ ಕಥೆ. ಮೇಲಿನ ಹೊಲದವರು ಬದು ಹಾಕದಿದ್ದರೆ ಕೆಳಗಿನವರ ಬದು ಒಂದೇ ಮಳೆಗೆ ಒಡೆಯುತ್ತದೆ. ಕೆಲಸ ಎತ್ತರದಿಂದ ತಗ್ಗಿನ ಕಡೆಗೆ ಸಾಗಬೇಕು. ಕೋಲಾರವೂ ಸೇರಿದ್ದ ಸುಜಲ ಜಲಾನಯನ ಯೋಜನೆಯು 2001ರಿಂದ ಮುಂದೆ ಒಂದೇ ಇಳಿಜಾರಿನ ರೈತರನ್ನು ಗುಂಪುಗಳಾಗಿ ಸಂಘಟಿಸಿದ್ದು ಇದಕ್ಕಾಗಿಯೇ. ಟೊಮೆಟೊದ ಎಲೆ ಮುಟುರು ರೋಗವನ್ನು ಹರಡುವ ಬಿಳಿ ನೊಣ, ಮಾವಿನ ಹಣ್ಣು ನೊಣ ಯಾವುದೂ ಸರ್ವೆ ನಂಬರ್ ನೋಡಿ ನಿಲ್ಲುವುದಿಲ್ಲ. ಒಂದು ತೋಪಿನಲ್ಲಿ ಮಾತ್ರ ಮೋಹಕ ಬಲೆ ಕಟ್ಟಿದರೆ ಪ್ರಯೋಜನ ಅಲ್ಪ. ಹಳೆಯ ಟೊಮೆಟೊ ಬೆಳೆಯನ್ನು ಕಿತ್ತು ನಾಶಪಡಿಸದೆ ಪಕ್ಕದಲ್ಲೇ ಹೊಸ ನಾಟಿ ಮಾಡಿದರೆ ಸಿಂಪರಣೆಯ ಖರ್ಚು ಏರುತ್ತಲೇ ಹೋಗುತ್ತದೆ. ಊರೆಲ್ಲ ಒಪ್ಪಿ ಕೆಲವು ವಾರ ಟೊಮೆಟೊ ಇಲ್ಲದ ಅವಧಿ ಬಿಟ್ಟರೆ ಕೀಟದ ಸರಪಳಿ ಕಡಿಯುತ್ತದೆ, ಜೊತೆಗೆ ನೀರೂ ಉಳಿಯುತ್ತದೆ. ಬೆಲೆ ಏರಿದ ವರ್ಷ ಈ ಒಪ್ಪಂದವನ್ನು ಕಾಯುವುದು ಅತ್ಯಂತ ಕಷ್ಟವೆಂಬುದನ್ನು ಬಲ್ಲೆ. ಆದುದರಿಂದಲೇ ಅದನ್ನು ಬೆಲೆ ಇಳಿದಿರುವಾಗ ಮಾಡಿಕೊಳ್ಳಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ: ರಸ್ತೆ ಬದಿಯ ಪ್ರಗತಿಪರ ರೈತರ ಒಂದು ತಾಕನ್ನು ಆರಿಸಿ ಫಲಕ ನೆಡುವ ಬದಲು, ಒಂದು ಕೆರೆಗೆ ನೀರು ಹರಿಸುವ ಒಂದು ದಿಣ್ಣೆಯ ಇಪ್ಪತ್ತು–ಮೂವತ್ತು ಕುಟುಂಬಗಳನ್ನು ಆರಿಸಿರಿ. ಕೊಳವೆ ಬಾವಿ ಇಲ್ಲದವರನ್ನೂ, ಕುರಿ ಸಾಕಿದವರನ್ನೂ, ಹೊಲದ ಕೆಲಸದ ಬಹುಭಾಗ ಮಾಡುವ ಮಹಿಳೆಯರನ್ನೂ ಮೊದಲ ಸಭೆಗೇ ಕರೆಯಿರಿ. ಒಂದು ಮಳೆಯ ದಿನ ಎಲ್ಲರೂ ಕೂಡಿ ದಿಣ್ಣೆಯ ನೆತ್ತಿಯಿಂದ ಕೆರೆಯವರೆಗೆ ನಡೆದು, ನೀರು ಎಲ್ಲಿ ಕೆಂಪಾಗುತ್ತದೆ ಎಂದು ನೋಡಿರಿ. ಬದು, ಕಂದಕ, ಕೃಷಿ ಹೊಂಡ, ರಾಜಕಾಲುವೆಯ ದುರಸ್ತಿಗಳನ್ನು ಆ ನಡಿಗೆಯ ನಕ್ಷೆಯಂತೆ ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾ ಯೋಜನೆಗೆ ಸೇರಿಸಿರಿ.

ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲೇ ತೆಗೆಯಿರಿ. ಸಾವಯವ ಇಂಗಾಲದ ಜೊತೆಗೆ ಗಂಧಕ, ಸತು ಮತ್ತು ಬೋರಾನ್‌ಗಳನ್ನೂ ಪರೀಕ್ಷಿಸಲು ಕೇಳಿರಿ. ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಗುಂಪಿನ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಒಯ್ಯಿರಿ. ಮೂರು ವರ್ಷಗಳ ನಂತರ ಅದೇ ಜಾಗಗಳಿಂದ, ಅದೇ ತಿಂಗಳಿನಲ್ಲಿ ಮತ್ತೆ ತೆಗೆಯಲು ಅನುಕೂಲವಾಗುವಂತೆ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತು ಮಾಡಿಡಿರಿ.